ನುಗ್ಗೇಹಳ್ಳಿಯ ದೇವರ ಕೈಯಲ್ಲಿ ಮುಸುಕಿನ ಜೋಳವೇ?

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಗುಡಿಯ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ಮೆಕ್ಸಿಕೋದ ಅಜ್ಟೆಕರ ಜೋಳದೇವತೆಯೂ ತೆನೆ ಹಿಡಿದಿರುತ್ತಾಳಂತೆ. ಇವೆರಡಕ್ಕೂ ನಂಟಿದೆಯೇ?

ಇಲ್ಲ. ಅಜ್ಟೆಕರ ಚಿಕೊಮೆಕೊವಾಟಲ್ ದೇವತೆ ಹಿಡಿದಿರುವುದು ನಿಜವಾದ ಜೋಡಿತೆನೆ. ಬಿತ್ತನೆಯ ತೆನೆಗಳನ್ನು ಅವಳ ಗುಡಿಗೆ ಒಯ್ದು ಹರಸಿಸಿಕೊಂಡು ತರುತ್ತಿದ್ದರು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ ಎದ್ದದ್ದು ಹೊಯ್ಸಳರ ಕಾಲದಲ್ಲಿ, 1246ರಲ್ಲಿ. ಅಜ್ಟೆಕರ ರಾಜಧಾನಿ ತೆನೊಚ್ಟಿಟ್ಲಾನ್ ಹುಟ್ಟಿದ್ದೇ 1325ರ ಸುಮಾರಿಗೆ. ಅವರಿಗಿಂತ ಮೊದಲೇ ಮುಸುಕಿನ ಜೋಳದ ಬೀಜ ಅಮೆರಿಕದಿಂದ ಇಲ್ಲಿಗೆ ಬಂದಿರಬಾರದೇಕೆ? 1989ರಲ್ಲಿ ಅಮೆರಿಕದ ಭೂಗೋಳತಜ್ಞ ಕಾರ್ಲ್ ಜೊಹಾನೆಸನ್ ಹೊಯ್ಸಳ ಶಿಲ್ಪಗಳನ್ನು ತೋರಿಸಿ ಹಾಗೆಯೇ ವಾದಿಸಿದರು. ಕಾಳಿನ ಸಾಲು ನೋಡಿದರೆ ಯಾರಿಗಾದರೂ ಹಾಗೆನಿಸೀತು. ಆದರೆ ಕಣ್ಣು ಸ್ವಲ್ಪ ಮೇಲೆತ್ತಿ: ಅಂಥವೇ ಗುಂಡುಮಣಿಗಳು ಕಿರೀಟದಲ್ಲೂ ಹಾರದಲ್ಲೂ ಇವೆ. ಬಳಪದ ಕಲ್ಲು ಮೆದು. ಉಳಿ ಓಡಿದಲ್ಲೆಲ್ಲ ಮಣಿ ಬಿಡಿಸುವುದು ಹೊಯ್ಸಳ ಶಿಲ್ಪಿಯ ಚಟ! ಹಾಗಾಗಿ ಅದು ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ, ಎಂಬ ವಿವರಣೆಯೇ ಹೆಚ್ಚು ಹೊಂದುತ್ತದೆ. ಹೆಸರೂ ಸಣ್ಣ ಸಾಕ್ಷಿ: ನಮ್ಮ ಜೋಳ ಮೊದಲೇ ಇದ್ದುದರಿಂದ ಹೊಸದಕ್ಕೆ ‘ಮುಸುಕಿನ’ ಎಂದು ಸೇರಿಸಬೇಕಾಯಿತು. ಇಷ್ಟೊಂದು ಹೋಲಿಕೆ ಆಕಸ್ಮಿಕವೇ ಎನ್ನುವಿರಾದರೆ ಚಂದ್ರನನ್ನು ನೋಡಿ. ಅದರ ಕಲೆಯಲ್ಲಿ ನಾವು ಮೊಲ ಕಂಡು ಶಶಾಂಕ ಎಂದೆವು; ಅಜ್ಟೆಕರೂ ಮೊಲವನ್ನೇ ಕಂಡು, ದೇವರೊಬ್ಬ ಅದನ್ನು ಚಂದ್ರನ ಮುಖಕ್ಕೆ ಎಸೆದನೆಂದು ಕಥೆ ಕಟ್ಟಿದರು. ಅದಕ್ಕಾಗಿ ಯಾರೂ ಹಡಗು ಹತ್ತಬೇಕಾಗಿರಲಿಲ್ಲ.