ಹ್ಯಾಮ್ ಮಾತಾಡಿದರೆ ಬಲ್ಬ್ ಯಾಕೆ ಮಿಣುಕುತ್ತದೆ?

ಹನಗೋಡಿನಿಂದ ವೀರನಹೊಸಹಳ್ಳಿ ಕಡೆಗೆ ಹೊರಟರೆ ಕಾಡಂಚಿನ ಜಮೀನುಗಳಲ್ಲಿ ಸೋಲಾರ್ ಬೇಲಿ ಕಾಣುತ್ತದೆ. ನಾಗರಹೊಳೆಯ ಆನೆ ಬೆಳೆಗೆ ಇಳಿಯದಿರಲೆಂದು ಹಾಕಿದ ಆ ತಂತಿಯಲ್ಲಿ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಹಲವು ಸಾವಿರ ವೋಲ್ಟಿನ ಏಟು ಓಡುತ್ತಿರುತ್ತದೆ. ಒಂದೊಂದು ಏಟಿನ ಆಯಸ್ಸು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಹಾಗಾಗಿಯೇ ಪ್ರಾಣ ಹೋಗುವುದಿಲ್ಲ, ಬುದ್ಧಿ ಬರುತ್ತದೆ. ಆದರೆ ಲಂಟಾನದ ಕೊಂಬೆ ತಂತಿಗೆ ತಾಗಿದ್ದರೆ, ಇನ್ಸುಲೇಟರ್ ಸೀಳಿದ್ದರೆ, ಪ್ರತಿ ಏಟಿಗೂ ಅಲ್ಲೊಂದು ಸಣ್ಣ ಕಿಡಿ ಹಾರುತ್ತದೆ. ಹತ್ತಿರದ ತೋಟದ ಮನೆಯಲ್ಲಿ ಯಾರಾದರೂ ಹಳೇ ಟ್ರಾನ್ಸಿಸ್ಟರಿನಲ್ಲಿ 612 ಕಿಲೊಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಹಾಕಿಕೊಂಡಿದ್ದರೆ ಹಾಡಿನ ಜೊತೆಗೆ ಟಕ್, ಟಕ್ ಎಂಬ ತಾಳವೂ ಬಿಟ್ಟಿ.

ಕಿಡಿ ಹಾರಿತೆಂದರೆ ರೇಡಿಯೊ ತರಂಗ ಹೊರಟಿತೆಂದೇ ಅರ್ಥ. ಜರ್ಮನಿಯ ಹೈನ್‌ರಿಚ್ ಹರ್ಟ್ಸ್ 1880ರ ದಶಕದಲ್ಲಿ ರೇಡಿಯೊ ತರಂಗಗಳನ್ನು ಹುಟ್ಟಿಸಿ ತೋರಿಸಿದ್ದು ಕಿಡಿಯಿಂದಲೇ. ಇದು ತಂತಿ ರೇಡಿಯೊವನ್ನು ಕೆಡಿಸುವ ಬಗೆ. ಇದಕ್ಕೆ ತಿರುವುಮುರುವಾದ ಇನ್ನೊಂದಿದೆ: ರೇಡಿಯೊ ಬಂದು ಮನೆಯ ತಂತಿಯನ್ನು ಕಾಡುವುದು. ಅಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲುವವರು ಸಾಮಾನ್ಯವಾಗಿ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು.

ಹ್ಯಾಮ್ ಆಗುವುದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಕೇಂದ್ರದ ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ತಮ್ಮದೇ ಕರೆಸಂಕೇತ ಇಟ್ಟುಕೊಂಡು ಮಾತಾಡುವವರು ಇವರು. ರಾಜೀವ್ ಗಾಂಧಿಯೂ ಹ್ಯಾಮ್ ಆಗಿದ್ದರು, ಅವರ ಸಂಕೇತ ವಿಯು2ಆರ್‌ಜಿ. ಸಾಮಾನ್ಯವಾಗಿ ಬಳಸುವ ಸೆಟ್ಟಿನ ಶಕ್ತಿ 100 ವಾಟ್. ಒಂದು ಹಳೇ ಕಾಲದ ಬಲ್ಬಿನಷ್ಟು. ಇಷ್ಟಕ್ಕೇ ಪಕ್ಕದ ಮನೆಯ ಎಲ್‌ಇಡಿ ಬಲ್ಬ್ ಇವರ ಮಾತಿನ ಲಯಕ್ಕೆ ಮಿಣುಕುವುದು, ಹೋಮ್ ಥಿಯೇಟರಿನಿಂದ ಗೊರಗೊರ ಸದ್ದು ಬರುವುದು, ಮುಟ್ಟಿದರೆ ಹೊತ್ತುವ ದೀಪ ತಾನೇ ತಾನಾಗಿ ಹೊತ್ತಿ ಆರುವುದು ಹೇಗೆ?

ಮೊದಲು ತಂತಿಯ ಉದ್ದ ನೋಡಿ. ಹ್ಯಾಮ್‌ಗಳಿಗೆ ಬಲು ಪ್ರೀತಿಯ 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಒಂದು ಅಲೆಯ ಉದ್ದ ಸುಮಾರು 42 ಮೀಟರ್. ಅದರ ಅರ್ಧ, ಅಂದರೆ 21 ಮೀಟರ್ ಉದ್ದದ ತಂತಿ ಆ ಅಲೆಗೆ ಹೇಳಿ ಮಾಡಿಸಿದ ಆಂಟೆನಾ. ಈಗ ನಮ್ಮ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ಮೀಟರ್ ಬೋರ್ಡಿನಿಂದ ಹಟ್ಟಿಗೊಂದು ವೈರು, ಮೋಟರ್ ಶೆಡ್ಡಿಗೊಂದು ವೈರು, ಹೊಗೆಸೊಪ್ಪಿನ ಬ್ಯಾರನ್‌ಗೆ ಕಂಬದಿಂದ ಕಂಬಕ್ಕೆ ತೂಗುಬಿಟ್ಟ ಇನ್ನೊಂದು. ಹತ್ತು ಮೀಟರ್, ಇಪ್ಪತ್ತು ಮೀಟರ್. ಕರೆಂಟಿಗೆಂದು ಎಳೆದವರಿಗೆ ಆಂಟೆನಾ ಕಟ್ಟುತ್ತಿದ್ದೇವೆಂಬ ಎಣಿಕೆ ಇರಲಿಲ್ಲ, ಆದರೆ ಅಲೆಗೆ ಅದೆಲ್ಲ ಗೊತ್ತಾಗುವುದಿಲ್ಲ.

ಇನ್ನು ಬಲ. ಸರಳ ಲೆಕ್ಕದಲ್ಲಿ, 100 ವಾಟ್ ಸೆಟ್ಟಿಗೆ ಸಾಧಾರಣ ಆಂಟೆನಾ ಕಟ್ಟಿದ್ದರೆ ಹತ್ತು ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 7 ವೋಲ್ಟಿನ ಕ್ಷೇತ್ರ ಇರುತ್ತದೆ. ಮನೆಬಳಕೆಯ ಎಲೆಕ್ಟ್ರಾನಿಕ್ ಸಾಮಾನು ರೇಡಿಯೊ ಅಲೆಗಳ ನಡುವೆಯೂ ನೆಟ್ಟಗೆ ಕೆಲಸ ಮಾಡಬೇಕೆಂದು ಅಂತರರಾಷ್ಟ್ರೀಯ ಮಾನದಂಡಗಳು ಪರೀಕ್ಷಿಸುವ ಮಟ್ಟ ಸಾಮಾನ್ಯವಾಗಿ 3 ವೋಲ್ಟ್. ಅಂದರೆ ಒಳ್ಳೇ ಕಂಪನಿಯ ಮಾಲೂ ಹಿತ್ತಲಲ್ಲೇ ಏರಿಯಲ್ ಇದ್ದರೆ ಸೋಲಬಹುದು. ಫಿಲ್ಟರಿನ ಎರಡು ಬಿಡಿಭಾಗ ಉಳಿಸಿ ಬೆಲೆ ಇಳಿಸಿದ ಸಂತೆಯ ಬಲ್ಬಿನ ಮಾತು ಕೇಳುವುದೇ ಬೇಡ.

ತಂತಿಗೆ ಬಂದ ಅಲೆ ಸದ್ದಾಗುವುದು ಉಪಕರಣದ ಒಳಗೆ. ಸೆಕೆಂಡಿಗೆ 70 ಲಕ್ಷ ಸಲ ಹಿಂದೆ ಮುಂದೆ ತೂಗಾಡುವ ಕರೆಂಟನ್ನು ಸ್ಪೀಕರ್ ಹಾಳೆ ಅನುಸರಿಸಲಾರದು, ಕಿವಿಯೂ ಕೇಳಲಾರದು. ಆದರೆ ಆಂಪ್ಲಿಫೈಯರಿನ ಒಳಗೆ ಟ್ರಾನ್ಸಿಸ್ಟರುಗಳಿವೆ, ಡಯೋಡುಗಳಿವೆ. ಅವುಗಳ ಸಂಧಿಯಲ್ಲಿ ಕರೆಂಟು ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಕಷ್ಟ. ತೂಗಾಟದ ಒಂದು ಮಗ್ಗುಲು ಹೀಗೆ ಕತ್ತರಿಸಿಹೋದಾಗ ಅಲೆಯ ಏರಿಳಿತ ಮಾತ್ರ ಉಳಿಯುತ್ತದೆ. ಮಾತು ಅಡಗಿರುವುದು ಆ ಏರಿಳಿತದಲ್ಲೇ. ಹಳೇ ಕ್ರಿಸ್ಟಲ್ ರೇಡಿಯೊ ಮಾಡುತ್ತಿದ್ದುದೂ ಇಷ್ಟೇ ಕೆಲಸ. ಬೇಡದೆಯೇ ನಿಮ್ಮ ಆಂಪ್ಲಿಫೈಯರ್ ರೇಡಿಯೊ ಆಗಿಬಿಟ್ಟಿರುತ್ತದೆ. ಹ್ಯಾಮ್‌ಗಳು ಹೆಚ್ಚಾಗಿ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದಲ್ಲಿ ಮೂಲ ವಾಹಕ ಅಲೆಯನ್ನು ಕಳಿಸುವುದೇ ಇಲ್ಲ. ಆದ್ದರಿಂದ ಕೇಳುವುದು ಮಾತಲ್ಲ, ಮೂಗು ಹಿಡಿದು ಗದರಿಸಿದಂಥ ಗೊಗ್ಗರು. ಎಫ್‌ಎಂನಲ್ಲಿ ಅಲೆಯ ಎತ್ತರ ಬದಲಾಗುವುದಿಲ್ಲ, ಹಾಗಾಗಿ ಕಾಟವೂ ಕಡಿಮೆ.

ಇಲ್ಲೊಂದು ಸಣ್ಣ ಪರೀಕ್ಷೆ ಇದೆ. ಸದ್ದು ಬರುವಾಗ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಆಗಲೂ ಅಷ್ಟೇ ಜೋರಾಗಿ ಬರುತ್ತಿದ್ದರೆ ಅಲೆ ನುಗ್ಗಿರುವುದು ವಾಲ್ಯೂಮಿನ ನಂತರದ ಭಾಗಕ್ಕೆ, ಬಹುಪಾಲು ಉದ್ದನೆಯ ಸ್ಪೀಕರ್ ವೈರಿನಿಂದ ಇಲ್ಲವೇ ಪ್ಲಗ್ಗಿನ ವೈರಿನಿಂದ. ವಾಲ್ಯೂಮಿನ ಜೊತೆಗೇ ತಗ್ಗಿದರೆ ಟಿವಿಯಿಂದಲೋ ಡಿಶ್ ಬಾಕ್ಸಿನಿಂದಲೋ ಬರುವ ವೈರನ್ನು ಅನುಮಾನಿಸಿ.

ಮೀಟರ್ ಬೋರ್ಡಿನ ಸುರಕ್ಷತಾ ಸ್ವಿಚ್ಚುಗಳೂ ಕೆಲವೊಮ್ಮೆ ಮೋಸಹೋಗುತ್ತವೆ. ಅಮೆರಿಕದಲ್ಲಿ ವೈರಿನೊಳಗಿನ ಕಿಡಿಯನ್ನು ಪತ್ತೆಹಚ್ಚಿ ಟ್ರಿಪ್ ಆಗುವ ಬ್ರೇಕರುಗಳು ಹ್ಯಾಮ್ ಸಂಕೇತವನ್ನೇ ಕಿಡಿಯೆಂದು ತಿಳಿದು ಮನೆಯ ಕರೆಂಟು ತೆಗೆಯತೊಡಗಿದ್ದವು. ಅಲ್ಲಿನ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್‌ನ ಪ್ರಯೋಗಾಲಯ 2013ರ ಸುಮಾರಿಗೆ ತಯಾರಕರೊಂದಿಗೆ ಕೂತು ಇದನ್ನು ಪರೀಕ್ಷಿಸಿತು, ಬ್ರೇಕರಿನ ವಿನ್ಯಾಸವೇ ಬದಲಾಯಿತು. ಜಗಳವಾಡಿದ್ದರೆ ಇಷ್ಟು ಬೇಗ ಮುಗಿಯುತ್ತಿರಲಿಲ್ಲ.

ಮೈಸೂರಿನವರಿಗೆ ಒಂದು ಹಳೇ ಸಂಗತಿ ನೆನಪಿಸಬೇಕು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ಮೊದಲು ಅಂಟಿಕೊಂಡಿದ್ದು ಅದಕ್ಕೇ. ವಸತಿ ಬೀದಿಯ ನಡುವೆ ಟ್ರಾನ್ಸ್‌ಮಿಟರ್! ಆದರೆ ಆಗ ಅಕ್ಕಪಕ್ಕದ ಮನೆಗಳಲ್ಲಿ ಕೆಡಲು ಇದ್ದದ್ದಾದರೂ ಏನು? ಉರಿಯುವ ತಂತಿಯ ಬಲ್ಬಿಗೆ ರೇಡಿಯೊ ಅಲೆ ಬಂದರೂ ಒಂದೇ, ಹೋದರೂ ಒಂದೇ. ಇವತ್ತು ಅದೇ ಹೋಲ್ಡರಿನಲ್ಲಿ ಕೂತ ಎಲ್‌ಇಡಿ ಬಲ್ಬಿನೊಳಗೆ ನಾಲ್ಕು ಡಯೋಡು, ಒಂದು ಕೆಪಾಸಿಟರ್, ಒಂದು ಚಿಪ್ ಇರುತ್ತವೆ. ಹ್ಯಾಮ್‌ಗಳ ಹವ್ಯಾಸ ಅಂದಿನಂತೆಯೇ ಇದೆ, ನಮ್ಮ ಮನೆಗಳು ಬದಲಾಗಿವೆ. ನ್ಯಾಯ ಹೇಳುವಾಗ ಇದು ನೆನಪಿರಲಿ.

ಪರಿಹಾರ ಬಹಳ ಸಲ ಮನೆಯ ಗುಜರಿಯಲ್ಲೇ ಇರುತ್ತದೆ. ಹಳೇ ಮಾನಿಟರ್ ವೈರಿನ ತುದಿಯಲ್ಲಿ ಒಂದು ದಪ್ಪ ಗಂಟು ಕಂಡಿರುತ್ತೀರಿ. ಅದರೊಳಗಿರುವುದು ಫೆರೈಟ್, ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹಗಳ ಆಕ್ಸೈಡ್ ಬೆರೆಸಿ ಸುಟ್ಟ ಕಪ್ಪು ಬಿಲ್ಲೆ. ಕರೆಂಟು ವೈರಿನ ಎರಡು ಎಳೆಗಳಲ್ಲಿ ಒಂದರಿಂದ ಹೋದ ವಿದ್ಯುತ್ತು ಇನ್ನೊಂದರಿಂದ ಮರಳುತ್ತದೆ. ಎರಡರ ಕಾಂತಕ್ಷೇತ್ರಗಳೂ ಒಂದನ್ನೊಂದು ಅಳಿಸಿಹಾಕುವುದರಿಂದ ಫೆರೈಟಿಗೆ ಅದು ಕಾಣುವುದೇ ಇಲ್ಲ. ಹೊರಗಿನಿಂದ ಬಂದ ರೇಡಿಯೊ ಅಲೆ ಮಾತ್ರ ಎರಡೂ ಎಳೆಗಳಲ್ಲಿ ಒಂದೇ ದಿಕ್ಕಿಗೆ ಓಡುತ್ತದೆ, ಫೆರೈಟ್ ಅದನ್ನಷ್ಟೇ ತಡೆಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ವೈರನ್ನು ಒಂದು ಸಲ ತೂರಿಸಿದರೆ ಏನೂ ಆಗದು. ತಡೆ ಹೆಚ್ಚುವುದು ಸುತ್ತುಗಳ ವರ್ಗದ ಲೆಕ್ಕದಲ್ಲಿ. ಮೂರು ಸುತ್ತಿದರೆ ಸುಮಾರು ಒಂಬತ್ತು ಪಟ್ಟು. ದೊಡ್ಡ ಫೆರೈಟ್ ಉಂಗುರ ತಂದು, ಪ್ಲಗ್ ಕಿತ್ತಿಟ್ಟು, ವೈರನ್ನು ಕತ್ತರಿಸದೆ ಎಂಟು ಹತ್ತು ಸುತ್ತು ಹಾಕಿ, ಉಪಕರಣದ ಹತ್ತಿರವೇ ಕೂರಿಸಿ.

ಹ್ಯಾಮ್ ಮಾಡಬೇಕಾದ್ದೂ ಇದೆ. ಏರಿಯಲನ್ನು ಮನೆಗಳ ವೈರಿನಿಂದ ದೂರ ಒಯ್ಯಬೇಕು. ದೂರ ಎರಡು ಪಟ್ಟಾದರೆ ಕ್ಷೇತ್ರ ಅರ್ಧಕ್ಕಿಳಿಯುತ್ತದೆ. ಶಕ್ತಿ ತಗ್ಗಿಸಿ ಅಷ್ಟೇ ಫಲ ಪಡೆಯಬೇಕಾದರೆ 100 ವಾಟನ್ನು 25ಕ್ಕೆ ತರಬೇಕು. ಮಹಡಿಯಿಂದ ಹತ್ತು ಮೀಟರ್ ಅರ್ಥ್ ವೈರು ಇಳಿಬಿಟ್ಟು ನೆಮ್ಮದಿಯಾಗಿರುವವರು ತಿಳಿಯಬೇಕಾದ್ದು, 7 ಮೆಗಾಹರ್ಟ್ಸ್‌ನಲ್ಲಿ ಅದು ಕಾಲು ಅಲೆಯಷ್ಟು ಉದ್ದ, ಅರ್ಥ್ ಆಗುವ ಬದಲು ಇನ್ನೊಂದು ಆಂಟೆನಾ ಆಗುತ್ತದೆ.

ನಿಮ್ಮ ಬೀದಿಯಲ್ಲಿ ಹ್ಯಾಮ್ ಇದ್ದು ಮನೆಯ ದೀಪ ಮಿಣುಕುತ್ತಿದ್ದರೆ ದೂರು ಬರೆಯುವ ಮುಂಚೆ ಒಂದು ಚೀಟಿ ಬರೆಯಿರಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಮಾನಿನಲ್ಲಿ ಏನಾಯಿತು ಎಂದು. ಬಹುಪಾಲು ಹ್ಯಾಮ್‌ಗಳು ಪ್ರತಿ ಮಾತುಕತೆಯನ್ನೂ ಸಮಯದ ಸಮೇತ ಲಾಗ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಮಯ ತಾಳೆಯಾದರೆ ಉಂಗುರ ತಂದುಕೊಡುವಂತೆ ಅವರನ್ನೇ ಕೇಳಿ. ಆಗದಿದ್ದರೆ ಬಲ್ಬ್ ಬದಲಾಯಿಸಿ.