.22 ರೈಫಲ್: ಬೆಲೆಗಿಂತ ಭುಜಕ್ಕೆ ಹೊಂದುವುದು ಮುಖ್ಯ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದುದನ್ನು ಕಂಡು ಮನೆಯ ಮಕ್ಕಳು ರೈಫಲ್ ಬೇಕೆಂದರೆ ಪಾಲಕರು ಗಾಬರಿಗೊಳ್ಳಬೇಕಿಲ್ಲ. ಅವರು ಬಳಸಿದ್ದು .22 ರಿಮ್‌ಫೈರ್. ತೋಟೆಯ ತಳದ ಅಂಚಿಗೆ ಪಿನ್ ಬಡಿದು ಗುಂಡು ಹಾರುತ್ತದೆ. ಭುಜಕ್ಕೆ ಒದೆತ ತೀರಾ ಕಡಿಮೆ. ಕಿವಿಗೆ ರಕ್ಷಣೆ ಮಾತ್ರ ಬೇಕೇ ಬೇಕು.

ಕೊಳ್ಳುವಾಗ ಬೆಲೆಗಿಂತ ಬಟ್‌ನ ಉದ್ದ ನೋಡಿ. ಭುಜಕ್ಕೊತ್ತಿ ಕೆನ್ನೆಯಿಟ್ಟರೆ ಕುತ್ತಿಗೆ ಚಾಚದೆ ಗುರಿ ಕಾಣಬೇಕು. ಒಂದೇ ಕಂಪೆನಿಯ ತೋಟೆ ಎಲ್ಲ ನಳಿಗೆಗೂ ಒಗ್ಗದು. ನಾಲ್ಕೈದು ಬಗೆ ಹಾರಿಸಿ ನೋಡುವುದರಲ್ಲೇ ಅರ್ಧ ಮಜಾ! 50 ಮೀಟರ್ ದೂರದ ಹತ್ತು ಅಂಕದ ವೃತ್ತ ಬರೇ 10.4 ಮಿ.ಮೀ.

.22ಕ್ಕೆ ಲೈಸೆನ್ಸ್ ಕಡ್ಡಾಯ. ಆದ್ದರಿಂದ ಅಂಗಡಿಗೆ ಓಡುವ ಮೊದಲು ಮಕ್ಕಳು ರೈಫಲ್ ಕ್ಲಬ್‌ನಲ್ಲಿ ಏರ್ ರೈಫಲ್ ಹಿಡಿಯಲಿ. ವರ್ಷ ಕಳೆದರೂ ಆಸಕ್ತಿ ಉಳಿದರೆ ಲೈಸೆನ್ಸಿನ ಕಾಗದಪತ್ರಗಳ ಬಗ್ಗೆ ಕ್ಲಬ್‌ನವರಲ್ಲೇ ವಿಚಾರಿಸಬಹುದು.