ಮರದ ತುಂಡಿನಲ್ಲಿ ದೇವರ ಲೆಕ್ಕ

ಎಂಟು ಪುಟ್ಟ ಮರದ ಘನಗಳನ್ನು ಜೋಡಿಸಿದರೆ ಒಂದು ದೊಡ್ಡ ಘನ. ಬಿಡಿಸುತ್ತ ಹೋದರೆ ಅರ್ಧ, ಕಾಲು, ಅರೆಕಾಲು. ಭಿನ್ನರಾಶಿಯ ಹೆಸರನ್ನೇ ಕೇಳದ ಮಗುವೂ ಅದನ್ನು ಬೆರಳುಗಳಿಂದಲೇ ಕಲಿತುಬಿಡುತ್ತದೆ. ಜರ್ಮನ್ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ (1782–1852) ಎಳೆಯರಿಗಾಗಿ ರೂಪಿಸಿದ ‘ಕೊಡುಗೆ’ಗಳಲ್ಲಿ ಇದು ಮೂರನೆಯದು. ಚೆಂಡು, ಘನ, ಕಂಬದಾಕಾರದ ತುಂಡು ಇದಕ್ಕೂ ಮುಂಚಿನವು.

ಫ್ರೋಬೆಲ್ ಲೂಥರನ್ ಪಾದ್ರಿಯೊಬ್ಬರ ಮಗ. ಬರ್ಲಿನ್ನಿನಲ್ಲಿ ಖನಿಜತಜ್ಞ ವೈಸ್ ಅವರ ಕೈಕೆಳಗೆ ಹರಳುಗಳ ನಡುವೆ ಕೆಲಸ ಮಾಡುವಾಗ, ಜಡವೆನಿಸುವ ಕಲ್ಲಿನಲ್ಲೂ ಎಂಥ ಜ್ಯಾಮಿತಿ ಅಡಗಿದೆಯೆಂಬುದನ್ನು ಕಂಡವನು. ಹರಳು, ಗಿಡ, ಮಗು ಮೂರೂ ಬೆಳೆಯುವುದು ಒಂದೇ ನಿಯಮದಂತೆ, ಆ ನಿಯಮ ದೇವರದು ಎಂಬುದು ಆತನ ದೃಢ ನಂಬಿಕೆ. ಹಾಗಾಗಿ ತುಂಡು ಜೋಡಿಸುವ ಆಟವೆಂದರೆ ಸೃಷ್ಟಿಕರ್ತನ ಕ್ರಮವನ್ನು ಕೈಯಾರೆ ಮುಟ್ಟಿ ನೋಡುವುದು. 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ಆರಂಭಿಸಿದ ಸಂಸ್ಥೆಗೆ 1840ರಲ್ಲಿ ಆತನಿಟ್ಟ ಹೆಸರು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ.

ಇಂಥವನ ಶಾಲೆಗಳನ್ನು 1851ರಲ್ಲಿ ಪ್ರಷ್ಯಾ ಸರ್ಕಾರ ನಿಷೇಧಿಸಿತು. ಆರೋಪವಾದರೂ ಏನು? ನಾಸ್ತಿಕತೆ! ಸಮಾಜವಾದಿಯಾಗಿದ್ದ ಸಹೋದರನ ಮಗ ಕಾರ್ಲ್ ಬರೆದ ಕಿರುಹೊತ್ತಗೆಯನ್ನು ಅಧಿಕಾರಿಗಳು ಈತನ ತಲೆಗೂ ಕಟ್ಟಿದ್ದರು. ವಿವರಣೆ ಕೊಟ್ಟರೂ, ದೊರೆಗೇ ಮೊರೆಯಿಟ್ಟರೂ ಫಲ ಸಿಗಲಿಲ್ಲ. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.